ತಡವಾಗಿ ಹಿಡಿದ ವಾಣಿಜ್ಯದ ದಾರಿ

ಕುಂದಾಪುರದ ಸೀಮೆಗೆ ವ್ಯಾಪಾರ ಹೊಸತಲ್ಲ. ಈಗಿನ ಬ್ರಹ್ಮಾವರ ತಾಲೂಕಿನ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಉಪಾಹಾರಗೃಹವೇ ಮುಂದೆ ಎಂ.ಟಿ.ಆರ್. ಎಂದು ಪ್ರಸಿದ್ಧವಾಯಿತು. ಅಂದು ಅನುಭವವೇ ಪಾಠಶಾಲೆ. ಇಂದು ಪದವಿಯೂ ಬೇಕು. ಬೈಂದೂರಿನ ತರುಣನೊಬ್ಬನಿಗೆ ವಿಜ್ಞಾನ ಪದವಿಯ ಕೊನೆಯ ವರ್ಷದಲ್ಲಿ ವಾಣಿಜ್ಯದತ್ತ ಮನಸ್ಸು ಹರಿದರೆ ಮಾಡತಕ್ಕುದೇನು? ಬಿ.ಕಾಂ. ಸೇರುವುದೆಂದರೆ ಬಹುಮಟ್ಟಿಗೆ ಮೊದಲ ವರ್ಷದಿಂದಲೇ ಆರಂಭ. ಮನೆಯವರಿಗೆ ಮತ್ತೆ ಮೂರು ವರ್ಷಗಳ ಹೊರೆ. ಆದರೆ 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಐ.ಐ.ಎಂ.ನಂತಹ ಸಂಸ್ಥೆಗಳ ಸ್ನಾತಕೋತ್ತರ ಶಿಕ್ಷಣಕ್ಕೆ ಯಾವ ಶಾಖೆಯ ಪದವಿಯಾದರೂ ಸಲ್ಲುತ್ತದೆ. ಸಾಮಾನ್ಯ ವರ್ಗದವರಿಗೆ ಶೇಕಡಾ 50 ಅಂಕಗಳಿರಬೇಕು. ಕ್ಯಾಟ್ ಪ್ರವೇಶ ಪರೀಕ್ಷೆಗೆ ಕೊನೆಯ ವರ್ಷದವರೂ ಕುಳಿತುಕೊಳ್ಳಬಹುದು. ಸ್ಪರ್ಧೆ ಕಠಿನವೇ ಸರಿ. ಆದಕಾರಣ ಕೈಯಲ್ಲಿರುವ ಪದವಿಯನ್ನು ಚೆನ್ನಾಗಿ ಮುಗಿಸಿ ಆ ಪರೀಕ್ಷೆಗೆ ಸಿದ್ಧನಾಗುವುದೇ ವಿವೇಕ.