ಇಳಿತದ ಹೊತ್ತಿನ ಗೊರವರು

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂಬುದು ಲಕ್ಷಣಕಾರರ ಮತ. ಸಮುದ್ರವೂ ಚಂದ್ರೋದಯವೂ ಅವುಗಳಲ್ಲಿ ಸೇರಿವೆ. ಚಂದ್ರನನ್ನು ಕಂಡು ಕಡಲು ಉಕ್ಕುವುದೆಂದು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ವಿವರಿಸುತ್ತ ಬಂದವನು ನಾನು. ಆ ಮಾತಿನ ಅರ್ಥ ನನಗಾದದ್ದು ಕಳೆದ ಪುಷ್ಯಮಾಸದಲ್ಲಿ, ಕುಮಟೆಯ ಬಳಿ, ಅಘನಾಶಿನಿಯ ಅಳಿವೆಯಲ್ಲಿ.

ಚಳಿಗಾಲದ ವಲಸೆ ಹಕ್ಕಿಗಳನ್ನು ನೋಡಬೇಕೆಂದು ಆರು ಮಂದಿ ವಿದ್ಯಾರ್ಥಿಗಳು ಹೊರಟಿದ್ದರು. ಪಕ್ಷಿವೀಕ್ಷಣೆಗೆ ಪ್ರಾತಃಕಾಲವೇ ಪ್ರಶಸ್ತವೆಂದು ತೀರ್ಮಾನಿಸಿದವನು ನಾನೇ. ಏಳು ಗಂಟೆಗೆ ದಂಡೆಯಲ್ಲಿ ನಿಂತರೆ ಎದುರಿಗೆ ತುಂಬಿದ ನೀರು. ಮೇಲೆ ಒಂದು ಗರುಡ. ಹುಡುಗರು ನನ್ನ ಮುಖ ನೋಡಿದರು.

ಕಟ್ಟೆಯ ಮೇಲೆ ಬುಟ್ಟಿಯಿಟ್ಟುಕೊಂಡು ಕುಳಿತಿದ್ದ ಮುದುಕಿಯೊಬ್ಬಳು ನಕ್ಕಳು. "ಈಗ ಎಂತ ಕಾಣ್ತದೆ ಮಾಸ್ತರೆ? ನೀರು ಇಳೀಲಿ. ನಮ್ಗೂ ಆಗ್ಲೇ ಕೆಲ್ಸ, ಅವಕ್ಕೂ ಆಗ್ಲೇ."

ಉಬ್ಬರವು ದಿನಕ್ಕೆ ಎರಡು ಬಾರಿ ಬರುತ್ತದೆ. ಚಂದ್ರನನ್ನು ಅನುಸರಿಸಿ ದಿನದಿನವೂ ಸುಮಾರು 50 ನಿಮಿಷ ತಡವಾಗುತ್ತದೆ. ಅಳಿವೆಯ ಹಕ್ಕಿಗೆ ಬೆಳಗು ಬೈಗುಗಳಿಗಿಂತ ಇದೇ ಮುಖ್ಯ. ನಾನು ಕಲಿಸಿದ್ದೇ ನನಗೆ ತಿಳಿದಿರಲಿಲ್ಲ!

ಮಧ್ಯಾಹ್ನ ಒಂದರ ಹೊತ್ತಿಗೆ ನೀರು ಸರಿದು ಕೆಸರಿನ ಬಯಲು ಹೊಳೆಯತೊಡಗಿತು. ಎಲ್ಲಿದ್ದವೋ, ನೂರಾರು ಹಕ್ಕಿಗಳು ಬಂದಿಳಿದವು. ಬಾಗಿದ ನೀಳ ಕೊಕ್ಕಿನದು ಆಳದ ಹುಳುವನ್ನು ಸೆಳೆಯುತ್ತಿತ್ತು. ಗಿಡ್ಡ ಕೊಕ್ಕಿನದು ಮೇಲುಗೆಸರನ್ನೇ ಹೆಕ್ಕುತ್ತಿತ್ತು. ಒಂದೇ ಎಲೆಯಲ್ಲಿ ಜಗಳವಿಲ್ಲದ ಊಟ. ಹುಡುಗನೊಬ್ಬ ಪುಸ್ತಕ ನೋಡಿ 'ಲಿಟಲ್ ಸ್ಟಿಂಟ್' ಎಂದು ಗುರುತಿಸಿದ ಹಕ್ಕಿ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. 20-30 ಗ್ರಾಂ ತೂಗುವ ಆ ಜೀವ ಉತ್ತರದ ಹಿಮಬಯಲುಗಳಲ್ಲಿ ಮರಿಮಾಡಿ ಇಲ್ಲಿಯ ತನಕ ಹಾರಿಬರುತ್ತದೆ.

ಅದೇ ಕೆಸರಿನಲ್ಲಿ ಮುದುಕಿಯೂ ಸೊಂಟ ಬಗ್ಗಿಸಿ ಬಳಚು ಆಯುತ್ತಿದ್ದಳು. ಶಿರಸಿಯ ಬಳಿ ಹುಟ್ಟುವ ಈ ಹೊಳೆಗೆ ದೊಡ್ಡ ಅಣೆಕಟ್ಟೆಯ ತಡೆಯಿಲ್ಲ. ಘಟ್ಟದ ಸಿಹಿನೀರೂ ಕಡಲ ಉಪ್ಪೂ ಕೂಡುವುದರಿಂದಲೇ ಇಲ್ಲಿ ಚಿಪ್ಪುಜೀವಿಗಳು ಹುಲುಸು. ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತವೂ ಬೆಳೆಯುತ್ತದೆ. 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಯನ್ನು ಸೇರಿತು. ಕಾಗದದ ಮೇಲಿನ ಆ ಗೌರವವನ್ನು ಉಳಿಸಬೇಕಾದದ್ದು ಹೊಳೆಯ ಹರಿವು.

"ನಿಮ್ಮ ಪಾಲನ್ನು ಇವು ತಿನ್ನುವುದಿಲ್ಲವೆ, ಅಮ್ಮ?" ಎಂದು ಕೇಳಿದೆ.

"ಅವಕ್ಕೂ ಹೊಟ್ಟೆ ಇಲ್ವಾ ಮಾಸ್ತರೆ? ಈ ಕೆಸ್ರು ಹೋದ್ರೆ ಅವು ಬೇರೆ ಕಡೆ ಹಾರ್ತವೆ. ನಾವು ಎಲ್ಲಿಗೆ ಹಾರೂದು?"

ನಾನು ಉತ್ತರಿಸಲಿಲ್ಲ. ಪಂಪ ಬನವಾಸಿಯಲ್ಲಿ ದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಲು ಬಯಸಿದ. ಕೋಗಿಲೆ, ಗಿಳಿ, ಹಂಸಗಳು ನಮ್ಮ ಕಾವ್ಯದಲ್ಲಿ ಚಿರಪರಿಚಿತ. ಕೆಸರಿನಲ್ಲಿ ಕಾಲಿಟ್ಟು ಬದುಕುವ ಹಕ್ಕಿಗಳತ್ತ ನಾನಂತೂ ಕಣ್ಣು ಹಾಯಿಸಿರಲಿಲ್ಲ. ನಮ್ಮ ಪಕ್ಷಿಗ್ರಂಥಗಳು ಈ ಬಳಗದ ಒಂದು ಹಕ್ಕಿಯನ್ನು 'ಗದ್ದೆಗೊರವ' ಎನ್ನುತ್ತವೆ. ಹಳಗನ್ನಡದಲ್ಲಿ ಗೊರವನೆಂದರೆ ಊರೂರು ತಿರುಗುವ ಶೈವ ಭಿಕ್ಷುಕ. ಎರಡು ಹೆಸರುಗಳಿಗೆ ಸಂಬಂಧವಿರಲಿ ಇಲ್ಲದಿರಲಿ, ವರ್ಷಕ್ಕೊಮ್ಮೆ ಬಂದು ನೆಲವನ್ನು ಬೇಡಿ ಉಂಡು ಹೋಗುವ ಈ ಅತಿಥಿಗಳಿಗೆ ಅದು ಒಪ್ಪುತ್ತದೆ.

ಮೂರರ ಹೊತ್ತಿಗೆ ನೀರು ಮತ್ತೆ ಏರತೊಡಗಿತು. ಮುದುಕಿ ಬುಟ್ಟಿ ಹೊತ್ತು ದಂಡೆಗೆ ಬಂದಳು. ಮುಂದೆ ಚಂದ್ರೋದಯದ ವರ್ಣನೆ ಪಾಠಕ್ಕೆ ಬಂದಾಗ ಅಂದಿನ ಉಬ್ಬರದ ಗಳಿಗೆಯನ್ನೂ ಹಲಗೆಯ ಮೇಲೆ ಬರೆಯಬೇಕೆಂದಿದ್ದೇನೆ.