ತಬಲವೋ ಮೃದಂಗವೋ: ಸಂಘಕ್ಕೆ ವಾದ್ಯ ಕೊಳ್ಳುವ ಮುನ್ನ

ಗುಜರಾತಿನಲ್ಲಿ ನೆಲೆಸಿರುವ ಕನ್ನಡಿಗರು ಕೂಡಿ ಭಜನೆಗೆ ಕುಳಿತರೆ ದಾಸರ ಪದಗಳು ಎರಡು ಧಾಟಿಯಲ್ಲಿ ಕೇಳಿಬರುತ್ತವೆ. ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಬಂಧುಗಳು ಹಿಂದೂಸ್ತಾನಿ ರಾಗಗಳಲ್ಲಿ ಹಾಡುತ್ತಾರೆ. ಅವರ ಕಿವಿಗೆ ತಬಲವಿಲ್ಲದ ಪದ ಸಪ್ಪೆ. ಮೈಸೂರು, ಬೆಂಗಳೂರು, ಹಾಸನದ ಕಡೆಯವರಿಗೆ ಮೃದಂಗವೇ ಬೇಕು. ಆದಕಾರಣ ವರ್ಗಣಿಯ ಹಣದಿಂದ ಒಂದೇ ಒಂದು ಒಳ್ಳೆಯ ಲಯವಾದ್ಯ ಕೊಳ್ಳಬೇಕಾದಾಗ ಮಾತು ವಾದ್ಯದಿಂದ ಊರಿಗೆ, ಊರಿನಿಂದ ಅಭಿಮಾನಕ್ಕೆ ಬೇಗನೆ ಏರುತ್ತದೆ. ನಮ್ಮ ವಾಚನಾಲಯದ ಮೇಜಿನ ಸುತ್ತಲೂ ಈ ಚರ್ಚೆ ನಡೆದಿದೆ. ಯಾವುದು ಮೇಲು ಎಂದು ತೀರ್ಪು ಹೇಳಲು ನಾವು ವಿದ್ವಾಂಸರಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವವರು. ಆದರೆ ಹತ್ತು ಮನೆಯ ಹಣದಿಂದ ಕೊಂಡ ವಸ್ತು ಬಹುಕಾಲ ಕೆಲಸಕ್ಕೆ ಬರುವಂತೆ ಕೊಳ್ಳುವುದು ಹೇಗೆಂಬುದನ್ನು ಲೆಕ್ಕದವರೂ ಯೋಚಿಸಬಹುದಷ್ಟೆ.

ಎರಡೂ ಒಂದೇ ಕುಲ

ಸಾಮಾನ್ಯವಾದ ಡೋಲನ್ನು ಬಡಿದರೆ ಸದ್ದು ಬರುತ್ತದೆ, ನಿಂತ ಸ್ವರ ಬರುವುದಿಲ್ಲ. ತಬಲ ಮೃದಂಗಗಳಲ್ಲಿ ಸ್ವರ ಬರುತ್ತದೆ. ಇದಕ್ಕೆ ಕಾರಣ ಮುಚ್ಚಿಗೆಯ ನಡುವೆ ಪದರು ಪದರಾಗಿ ಹಚ್ಚಿದ ಕಪ್ಪು ಕರಣೆ. ಅದರ ಭಾರದಿಂದ ಚರ್ಮದ ಬೇರೆ ಬೇರೆ ಕಂಪನಗಳು ತಂತಿವಾದ್ಯದಲ್ಲಿರುವಂತೆ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಇದನ್ನು ಶೋಧಿಸಿ ಜಗತ್ತಿಗೆ ತಿಳಿಸಿದವರು ಸರ್ ಸಿ. ವಿ. ರಾಮನ್. ಅವರು 1920ರಲ್ಲಿ ಶಿವಕಾಲಿ ಕುಮಾರ್ ಎಂಬವರೊಡನೆ ಒಂದು ಕಿರುಲೇಖನವನ್ನೂ, ಬೆಂಗಳೂರಿನಲ್ಲಿದ್ದಾಗ 1934ರಲ್ಲಿ ವಿವರವಾದ ಪ್ರಬಂಧವನ್ನೂ ಪ್ರಕಟಿಸಿದರು. ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯದ ಕಟ್ಟಡಕ್ಕೆ 1952ರಲ್ಲಿ ಅಡಿಗಲ್ಲಿಟ್ಟವರೂ ಅವರೇ. ವಿಜ್ಞಾನದ ಕಣ್ಣಿಗೆ ಈ ಎರಡು ವಾದ್ಯಗಳು ಒಡಹುಟ್ಟಿದವು. ಹೀಗಿರಲು ನಮ್ಮಲ್ಲಿ ಜಗಳವೇಕೆ?

ಭೇದ ಎಲ್ಲಿದೆ

ಭೇದವಿರುವುದು ಕಟ್ಟುವ ಬಗೆಯಲ್ಲಿ. ಮೃದಂಗದ್ದು ಒಂದೇ ಒಡಲು, ಸಾಮಾನ್ಯವಾಗಿ ಹಲಸಿನ ಮರದ್ದು. ಬಲ ಎಡ ಮುಚ್ಚಿಗೆಗಳೆರಡನ್ನೂ ಒಂದೇ ಬಾರು ಎಳೆದು ಹಿಡಿದಿರುತ್ತದೆ. ಒಂದು ಕಡೆ ಬಿಗಿದರೆ ಇನ್ನೊಂದು ಕಡೆಯ ಮೇಲೂ ಅದರ ಪರಿಣಾಮವಾಗುತ್ತದೆ. ಎಡಗಡೆಗೆ ಕಾಯಂ ಕರಣೆಯಿಲ್ಲ. ನುಡಿಸುವ ಮುನ್ನ ರವೆಯನ್ನು ನೀರಿನಲ್ಲಿ ನಾದಿ ಹಚ್ಚಬೇಕು, ಮುಗಿದ ಮೇಲೆ ತೆಗೆದು ಒರೆಸಬೇಕು. ತಬಲ ಹಾಗಲ್ಲ. ಬಲದ್ದು ಮರದ್ದು, ಎಡದ ಡಗ್ಗ ಸಾಮಾನ್ಯವಾಗಿ ಲೋಹದ್ದು. ಎರಡಕ್ಕೂ ಕಾಯಂ ಕರಣೆ. ಒಂದು ಕೆಟ್ಟರೆ ಅದೊಂದನ್ನೇ ಕಳಿಸಿ ಸರಿಮಾಡಿಸಬಹುದು. ಬಾರಿನಡಿಯ ಮರದ ಗಟ್ಟಿಗಳನ್ನು ಸುತ್ತಿಗೆಯಿಂದ ಮೇಲೆ ಕೆಳಗೆ ಸರಿಸಿ ಶ್ರುತಿ ಮಾಡಬಹುದು.

ಮೂರು ಪ್ರಶ್ನೆಗಳು

ಎರಡೂ ಉತ್ತಮ ದರ್ಜೆಯವಾದಾಗ ವಾದ್ಯವನ್ನಷ್ಟೇ ನೋಡಿದರೆ ಸಾಲದು. ಮೊದಲು ಈ ಮೂರನ್ನು ಕೇಳಿಕೊಳ್ಳತಕ್ಕದ್ದು.

ಮೊದಲನೆಯದು, ಹಾಡುವವರು ಯಾರು? ಗಂಡಸರ ಶ್ರುತಿ ತಗ್ಗು, ಹೆಂಗಸರದು ಮೇಲೆ. ಮೃದಂಗದ ಒಡಲು ಉದ್ದವಾದಷ್ಟೂ ತಗ್ಗು ಶ್ರುತಿಗೆ ಒಗ್ಗುತ್ತದೆ. ಸುಮಾರು 24 ಅಂಗುಲದ್ದು ತಗ್ಗಿಗೆ, 22 ಅಂಗುಲದ್ದು ಏರಿಗೆ. ತಗ್ಗಿನದನ್ನು ಬಲವಂತವಾಗಿ ಏರಿಸಹೋದರೆ ಚರ್ಮ ಹರಿದೀತು. ತಬಲದಲ್ಲಿ ಬಾಯಿ ಚಿಕ್ಕದಾದಷ್ಟೂ ಶ್ರುತಿ ಏರು. ಆದರೆ ಅದನ್ನು ಹಾಡುವವರ ಷಡ್ಜಕ್ಕೇ ಅಲ್ಲದೆ ಪಂಚಮಕ್ಕೋ ಮಧ್ಯಮಕ್ಕೋ ಹೊಂದಿಸುವ ರೂಢಿಯೂ ಉಂಟು. ಹಲವರು ಹಾಡುವ ಕೂಟಕ್ಕೆ ಇದೊಂದು ಅನುಕೂಲ.

ಎರಡನೆಯದು, ನುಡಿಸುವವರು ಯಾರು, ಮಕ್ಕಳಿಗೆ ಕಲಿಸುವವರು ಯಾರು? ಅಹಮದಾಬಾದಿನಲ್ಲಿ ತಬಲದ ಪಾಠಕ್ಕೆ ಕೊರತೆಯಿಲ್ಲ. 1980ರಲ್ಲಿ ತಬಲ ವಾದಕ ನಂದನ ಮೆಹತಾ ಮತ್ತು ಸಿತಾರ್ ವಾದಕಿ ಮಂಜು ಮೆಹತಾ ದಂಪತಿ ಕಟ್ಟಿದ ಸಪ್ತಕ ಸಂಸ್ಥೆಯ ಹೆಸರನ್ನು ಕೇಳದವರಿಲ್ಲ. ವಡೋದರೆಯ ಕಥೆ ಬೇರೆ. ಅಲ್ಲಿ 1886ರಲ್ಲಿ ಗಾಯನಶಾಲೆಯನ್ನು ನಡೆಸಲು ನಿಂತ ಮೌಲಾಬಕ್ಷರು ಮೈಸೂರು ಅರಮನೆಯಲ್ಲಿ ಸನ್ಮಾನ ಪಡೆದವರು, ಕರ್ನಾಟಕ ಸಂಗೀತವನ್ನೂ ಅರಿತವರು. ಅದಕ್ಕೂ ಮೊದಲೇ, 1880ರಲ್ಲಿ ಸಯಾಜಿರಾವ್ ಮಹಾರಾಜರು ತಂಜಾವೂರಿನ ಕನ್ಯೆಯನ್ನು ವರಿಸಿದ ಸಂಬಂಧದಿಂದ ತಂಜಾವೂರಿನ ನರ್ತಕಿಯರೂ ವಾದ್ಯಗಾರರೂ ಬರೋಡೆಗೆ ಬಂದು ನೆಲೆಸಿದರು. ಇಂದಿಗೂ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭರತನಾಟ್ಯದ ಪಾಠವಿದೆ. ನಾಟ್ಯವಿದ್ದಲ್ಲಿ ಮೃದಂಗಕ್ಕೂ ಸ್ಥಾನವಿರುವುದು ಸಹಜ. ವಡೋದರೆಯ ಸಂಘದವರು ಮೃದಂಗ ಕೊಳ್ಳುವುದಾದರೆ ಮೊದಲು ಆ ಕಡೆ ವಿಚಾರಿಸಿ ನೋಡಲಿ.

ಮೂರನೆಯದು, ಕೆಟ್ಟರೆ ಕಟ್ಟುವವರು ಯಾರು? ನಮ್ಮ ಮಟ್ಟಿಗೆ ಇದೇ ಮುಖ್ಯ. ಗುಜರಾತಿನಲ್ಲಿ ಡಬಗರರೆಂಬ ಸಮುದಾಯವಿದೆ. ಹಿಂದೆ ಎಣ್ಣೆ ತುಪ್ಪಗಳಿಗೆ ಚರ್ಮದ ಬುದ್ದಲಿ ಮಾಡುತ್ತಿದ್ದ ಇವರು ತಬಲ, ಢೋಲಕ್ ಮುಂತಾದವುಗಳನ್ನು ಕಟ್ಟುವುದರಲ್ಲಿ ಕೈ ಪಳಗಿದವರು. ಅಹಮದಾಬಾದಿನ ಹಳೆಯ ಊರಿನಲ್ಲಿ ಅವರ ಹೆಸರಿನ ಡಬಗರವಾಡವೇ ಇದೆ. ತಬಲದ ಮುಚ್ಚಿಗೆ ಹರಿದರೆ ಊರಿನಲ್ಲೇ ಕೆಲಸವಾಗುತ್ತದೆ. ಮೃದಂಗದ ಬಲ ಮುಚ್ಚಿಗೆಯ ಹದ ಬೇರೆ. ಅದನ್ನು ಬೆಂಗಳೂರಿಗೋ ಚೆನ್ನೈಗೋ ಕಳಿಸುವ ಪ್ರಸಂಗ ಬಂದರೆ ಅಷ್ಟು ದಿನವೂ ಮಕ್ಕಳ ಪಾಠ ನಿಂತಂತೆಯೇ. ಹೊಸದಾಗಿ ಕಲಿಯುವ ಕೈ ಹೀಗೆ ಕೆಲವು ತಿಂಗಳು ಖಾಲಿ ಕುಳಿತರೆ ಮತ್ತೆ ವಾದ್ಯದ ಬಳಿಗೆ ಬರುವುದು ಕಷ್ಟ. ಬಾರಿನ ಬದಲು ನಟ್ಟು ಬೋಲ್ಟು ಹಾಕಿದ ಮೃದಂಗಗಳು ಈಗ ದೊರೆಯುತ್ತವೆ. ಸಿದ್ಧ ಮುಚ್ಚಿಗೆಯೊಂದನ್ನು ಕೂಡಿಸಿ ತರಿಸಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಹವೆಯ ಮಾತು

ಚರ್ಮ ಒಣಹವೆಯಲ್ಲಿ ಬಿಗಿಯುತ್ತದೆ, ತೇವದಲ್ಲಿ ಸಡಿಲುತ್ತದೆ. ಅಹಮದಾಬಾದಿನಲ್ಲಿ 2016ರ ಮೇ 20ರಂದು ಉಷ್ಣ 48 ಡಿಗ್ರಿ ಮುಟ್ಟಿತ್ತು. ಅಂಥ ಬೇಸಗೆಯಲ್ಲಿ ಬಿಗಿದಿಟ್ಟ ವಾದ್ಯವನ್ನು ಕಿಟಕಿಯ ಬಿಸಿಲಿಗೆ ಬಿಟ್ಟರೆ ಮುಚ್ಚಿಗೆ ತಾನಾಗಿಯೇ ಸೀಳಬಹುದು, ಕರಣೆ ಬಿರಿಯಬಹುದು. ಸಮುದ್ರಕ್ಕೆ ಹತ್ತಿರದ ಸೂರತ್ತಿನಲ್ಲಿ ಮಳೆಗಾಲದ ತೇವ ಹೆಚ್ಚು. ಬೆಳಿಗ್ಗೆ ಕೂಡಿಸಿದ ಶ್ರುತಿ ಸಂಜೆಗೆ ನಿಲ್ಲುವುದಿಲ್ಲ. ಎರಡು ಕಡೆಯೂ ದಪ್ಪ ಬಟ್ಟೆಯ ಚೀಲ, ನೆರಳು, ನುಡಿಸಿದ ಮೇಲೆ ತುಸು ಇಳಿಸಿಡುವ ಅಭ್ಯಾಸ ಅಗತ್ಯ. ಬೆಂಗಳೂರಿನ ವಿದ್ವಾನ್ ಕೆ. ವರದರಂಗನ್ ಅವರು ಚರ್ಮವಿಲ್ಲದೆ ಕೃತಕ ಹೊದಿಕೆಯಿಂದ ಮೃದಂಗವನ್ನು ರೂಪಿಸಿದ್ದಾರೆ. ನಾದ ನಿಮಗೆ ಒಪ್ಪಿಗೆಯಾದರೆ ಸೂರತ್ತಿನಂಥ ಊರಿಗೆ ಅದೂ ವಿಚಾರಾರ್ಹ.

ಅಂಗಡಿಯಲ್ಲಿ

ಹಾಡುವವರನ್ನೂ ನುಡಿಸುವವರನ್ನೂ ಜೊತೆಗೆ ಕರೆದೊಯ್ಯಿರಿ. ಶ್ರುತಿಪೆಟ್ಟಿಗೆಯನ್ನು ಹಿಡಿದು, ಅಂಚಿನ ಸುತ್ತ ಹದಿನಾರು ಕಡೆಯೂ ಮೆಲ್ಲಗೆ ತಟ್ಟಿ ನೋಡಿ. ಎಲ್ಲೆಡೆ ಒಂದೇ ಸ್ವರ ಬರಬೇಕು. ಮರದಲ್ಲಿ ಬಿರುಕಿದೆಯೇ, ಕರಣೆಯ ಅಂಚು ಎದ್ದಿದೆಯೇ ನೋಡಿ. ಬಣ್ಣ, ಹೊಳಪುಗಳಿಗೆ ಮರುಳಾಗಬೇಡಿ. ಇದ್ದ ಹಣವನ್ನೆಲ್ಲ ವಾದ್ಯಕ್ಕೇ ಸುರಿಯದೆ ಮುಂದಿನ ಮುಚ್ಚಿಗೆಗೆಂದು ಒಂದು ಪಾಲನ್ನು ಸಂಘದ ಪುಸ್ತಕದಲ್ಲಿ ಬೇರೆ ಬರೆದಿಡಿ.

ನಮ್ಮ ಅಭಿಪ್ರಾಯ ಕೇಳಿದರೆ ಇಷ್ಟು: ದಿನವೂ ಕೈಯಿಟ್ಟು ಕಾಪಾಡುವ ಮೃದಂಗದವರು ಸಂಘದಲ್ಲಿ ಒಬ್ಬರಿದ್ದರೆ ನಿಸ್ಸಂಕೋಚವಾಗಿ ಮೃದಂಗ ಕೊಳ್ಳಿರಿ. ಇಲ್ಲವಾದರೆ ಅಹಮದಾಬಾದಿನಲ್ಲಿ ಮೊದಲು ತಬಲ, ಕೈ ಕೂಡಿದಾಗ ಮೃದಂಗ. ಹೀಗೆ ಹೇಳಿದ ಮಾತ್ರಕ್ಕೆ ಮೈಸೂರಿನ ಕಡೆಯವರು ಸೋತರೆಂದಾಗಲಿ ಧಾರವಾಡದ ಕಡೆಯವರು ಗೆದ್ದರೆಂದಾಗಲಿ ಅರ್ಥವಲ್ಲ. ಪುರಂದರದಾಸರ ಪದ ಎರಡಕ್ಕೂ ಒಲಿದೀತು. ಮೂಲೆಯಲ್ಲಿ ಹರಿದು ಕುಳಿತ ವಾದ್ಯ ಎಷ್ಟೇ ಉತ್ತಮವಾಗಿರಲಿ, ಅದಕ್ಕೆ ಯಾವ ಪದವೂ ಒಲಿಯದು.