ಎರಡು ಯಂತ್ರಗಳ ನಡುವಣ ಹಸ್ತಪ್ರತಿ: ಪ್ರತಿಭೇದಗಳ ಸ್ವರೂಪ ಮತ್ತು ಪರಿಹಾರ

ಕ್ಷೇತ್ರಕಾರ್ಯಕ್ಕೆ ಹೋದಲ್ಲಿ ಟ್ಯಾಬ್ಲೆಟ್ಟಿನಲ್ಲಿ ಬರೆದುಕೊಂಡು, ಮರಳಿ ಬಂದ ಮೇಲೆ ಅದೇ ಬರಹವನ್ನು ಗಣಕಯಂತ್ರದಲ್ಲಿ ಮುಂದುವರಿಸುವ ಪದ್ಧತಿಯು ಇಂದು ಸಂಶೋಧಕರಲ್ಲಿ ಸಾಮಾನ್ಯವಾಗಿದೆ. ಎರಡು ಯಂತ್ರಗಳಲ್ಲಿರುವ ಪ್ರತಿಗಳನ್ನು ಅಂತರಜಾಲದ ಸಂಗ್ರಹವೊಂದರ ಮೂಲಕ ಒಂದೇ ರೂಪದಲ್ಲಿರಿಸುವ ಕ್ರಿಯೆಗೆ ಸಿಂಕ್ ಎಂದು ಹೆಸರು. ಅದು ಕೆಟ್ಟಾಗ ಒಂದೇ ಅಧ್ಯಾಯಕ್ಕೆ ಪರಸ್ಪರ ಹೊಂದದ ಎರಡು ಪ್ರತಿಗಳು ಹುಟ್ಟುತ್ತವೆ. ಆಗ ಹೊಸದೆಂದು ತೋರುವುದನ್ನು ಉಳಿಸಿ ಮತ್ತೊಂದನ್ನು ಅಳಿಸಿಬಿಡುವುದು ವಿದ್ಯಾರ್ಥಿಗಳ ರೂಢಿ. ಈ ರೂಢಿಯು ಏಕೆ ಅಪಾಯಕರ, ಅದರ ಬದಲು ಮಾಡತಕ್ಕದ್ದೇನು ಎಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಧಾರವಾಡ ಜಿಲ್ಲೆಯ ಶಲವಡಿಯಲ್ಲಿ ಒಕ್ಕಲುತನದ ಪದಗಳನ್ನು ಸಂಗ್ರಹಿಸುವ ವಿದ್ಯಾರ್ಥಿನಿಯೊಬ್ಬಳನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳೋಣ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲುವ ಕ್ರಮವನ್ನು ಆಕೆ ಅಲ್ಲಿಯೇ ಟ್ಯಾಬ್ಲೆಟ್ಟಿನಲ್ಲಿ ಬರೆದುಕೊಂಡಳು. ಸಂಪರ್ಕವಿಲ್ಲದ್ದರಿಂದ ಬರೆದುದು ಹೊರಗೆ ಹೋಗಲಿಲ್ಲ. ಸಂಜೆ ಧಾರವಾಡದಲ್ಲಿ, ಟ್ಯಾಬ್ಲೆಟ್ಟಿಗೆ ಇನ್ನೂ ಸಂಪರ್ಕ ಕೊಡದೆಯೇ, ಗಣಕದಲ್ಲಿದ್ದ ಅದೇ ಅಧ್ಯಾಯವನ್ನು ತಿದ್ದಿದಳು. ರಾತ್ರಿ ಎರಡೂ ಯಂತ್ರಗಳು ಸಂಪರ್ಕಕ್ಕೆ ಬಂದಾಗ ಸಂಗ್ರಹವು ಒಂದನ್ನು ಮುಖ್ಯಪ್ರತಿಯಾಗಿ ಇರಿಸಿಕೊಂಡು, ಮತ್ತೊಂದನ್ನು ಸಂಘರ್ಷದ ಪ್ರತಿ ಎಂಬ ಗುರುತಿನೊಡನೆ ಪಕ್ಕದಲ್ಲಿಡುತ್ತದೆ. ಡ್ರಾಪ್‌ಬಾಕ್ಸ್ ಮಾಡುವುದು ಹೀಗೆಯೇ. ಇದನ್ನು ಯಂತ್ರದ ದೋಷವೆಂದು ಬಗೆಯುವವರುಂಟು. ವಾಸ್ತವವಾಗಿ ಅದು ಯಂತ್ರದ ಪ್ರಾಮಾಣಿಕತೆ. ಹೇಳದೆಯೇ ಒಂದನ್ನು ನುಂಗಿಬಿಡುವ ವ್ಯವಸ್ಥೆಗಳೇ ಹೆಚ್ಚು ಭಯಂಕರವಾದವು.

ಕಡೆಯಲ್ಲಿ ಬರೆದುದೇ ಸರಿಯಾದುದೆಂಬ ನಂಬಿಕೆಗೆ ಆಧಾರ ದುರ್ಬಲವಾದುದು. ಯಂತ್ರಗಳ ಗಡಿಯಾರಗಳು ಒಂದಕ್ಕೊಂದು ಹೊಂದಿರಲೇಬೇಕೆಂದಿಲ್ಲ. ಹೊಂದಿದ್ದರೂ ಪ್ರಶ್ನೆ ಮುಗಿಯುವುದಿಲ್ಲ. ಲೆಸ್ಲಿ ಲ್ಯಾಂಪೋರ್ಟ್ ಅವರು ೧೯೭೮ರ ಪ್ರಸಿದ್ಧ ಲೇಖನದಲ್ಲಿ ತೋರಿಸಿಕೊಟ್ಟಂತೆ, ಒಂದರ ಪ್ರಭಾವವು ಮತ್ತೊಂದಕ್ಕೆ ತಲುಪಲು ಅವಕಾಶವೇ ಇಲ್ಲದ ಎರಡು ಘಟನೆಗಳಲ್ಲಿ ಇದು ಮೊದಲು, ಅದು ಅನಂತರ ಎಂಬ ಕ್ರಮಕ್ಕೆ ಅರ್ಥವಿಲ್ಲ. ಸಂಜೆಯ ಪ್ರತಿಯು ಹೊಲದ ಪ್ರತಿಯನ್ನು ನೋಡಿ ತಿದ್ದಿದುದಲ್ಲ. ಆದುದರಿಂದ ಅದು ಹೊಲದ ಪ್ರತಿಯ ಪರಿಷ್ಕರಣವೂ ಅಲ್ಲ. ಅವೆರಡೂ ಒಂದೇ ತಾಯಿಪ್ರತಿಯಿಂದ ಬೇರೆಬೇರೆಯಾಗಿ ಕವಲೊಡೆದ ಶಾಖೆಗಳು.

ಪರಿಹಾರದ ಕೀಲು ಈ ತಾಯಿಪ್ರತಿಯಲ್ಲಿದೆ. ಹೆಣ್ಣುಮಕ್ಕಳು ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಾರೆಂಬ ವಾಕ್ಯವು ಟ್ಯಾಬ್ಲೆಟ್ಟಿನಲ್ಲಿದ್ದು ಗಣಕದಲ್ಲಿ ಇಲ್ಲವೆಂದಿಟ್ಟುಕೊಳ್ಳೋಣ. ಹೊಲದಲ್ಲಿ ಅದನ್ನು ಸೇರಿಸಲಾಯಿತೋ, ಸಂಜೆ ಗಣಕದಲ್ಲಿ ಅದನ್ನು ಬೇಡವೆಂದು ತೆಗೆಯಲಾಯಿತೋ? ಎರಡು ಪ್ರತಿಗಳನ್ನು ಎಷ್ಟು ಹೊತ್ತು ಹೋಲಿಸಿದರೂ ಉತ್ತರ ದೊರೆಯದು. ಕವಲೊಡೆಯುವ ಮುಂಚಿನ ಪ್ರತಿಯನ್ನು ಮೂರನೆಯದಾಗಿ ಇಟ್ಟುಕೊಂಡೊಡನೆ ಉತ್ತರ ತಾನಾಗಿ ಹೊರಬೀಳುತ್ತದೆ: ಅದರಲ್ಲಿ ವಾಕ್ಯವಿಲ್ಲದಿದ್ದರೆ ಅದು ಸೇರ್ಪಡೆ, ಇದ್ದರೆ ಗಣಕದಲ್ಲಿ ಆದುದು ಲೋಪ. ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಈ ತರ್ಕವು ಹೊಸದಲ್ಲ. ಶಲವಡಿಗೆ ಸಮೀಪದ ಅಣ್ಣಿಗೇರಿಯೊಡನೆ ತಾಯಿಯ ಕಡೆಯ ಸಂಬಂಧವಿದ್ದ ಪಂಪನ ಭಾರತವನ್ನು ೧೮೯೮ರಲ್ಲಿ ರೈಸರು ಅಚ್ಚಿಗೆ ತಂದರು, ೧೯೩೧ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಮತ್ತೆ ಪ್ರಕಟಿಸಿತು. ಕವಿಯ ಸ್ವಹಸ್ತಪ್ರತಿಯನ್ನು ಕಂಡವರು ಯಾರೂ ಇಲ್ಲ. ಸಂಪಾದಕರು ಊಹೆಯಿಂದ ಮಾತ್ರ ಮುಟ್ಟಬಲ್ಲ ಮೂಲವು ನಮ್ಮ ವಿದ್ಯಾರ್ಥಿನಿಗೆ ಪ್ರತ್ಯಕ್ಷವಾಗಿ ಸಿಕ್ಕುತ್ತದೆ, ಆದರೆ ಅವಧಿಯೊಳಗೆ ಹುಡುಕಬೇಕು. ಡ್ರಾಪ್‌ಬಾಕ್ಸಿನ ಉಚಿತ ಖಾತೆಯಲ್ಲಿ ಹಳೆಯ ಆವೃತ್ತಿಗಳು ಉಳಿಯುವುದು ೩೦ ದಿನ.

ಆದಕಾರಣ ಸಂಘರ್ಷ ಕಂಡೊಡನೆ ಎರಡೂ ಯಂತ್ರಗಳಲ್ಲಿ ಬರವಣಿಗೆಯನ್ನು ನಿಲ್ಲಿಸಿ, ಇಡೀ ಬರಹವನ್ನು ಸಿಂಕ್ ಆಗದ ಬೇರೊಂದು ಸ್ಥಳಕ್ಕೆ ನಕಲು ಮಾಡಬೇಕು. ಅನಂತರವೇ ಹೋಲಿಕೆ. ಸ್ಕ್ರಿವನರ್ ಬಳಸುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ೨೦೧೬ರಲ್ಲಿ ಐಪ್ಯಾಡಿಗೂ ಬಂದ ಈ ತಂತ್ರಾಂಶದಲ್ಲಿ ಒಂದು ಪ್ರಬಂಧವೆಂದರೆ ಒಂದು ಕಡತವಲ್ಲ; ಪ್ರತಿಯೊಂದು ಭಾಗಕ್ಕೂ ಪ್ರತ್ಯೇಕ ಕಡತವಿದ್ದು, ಅವುಗಳ ಅನುಕ್ರಮವನ್ನು ತಿಳಿಸುವ ಸೂಚಿಯು ಮತ್ತೊಂದು ಕಡತ. ಸೂಚಿಯಲ್ಲಿ ಸಂಘರ್ಷವಾದರೆ ಅಧ್ಯಾಯಗಳೇ ಕಾಣೆಯಾದಂತೆ ತೋರಬಹುದು. ಬರಹ ಮಾತ್ರ ಒಳಗೆ ಕ್ಷೇಮವಾಗಿರಬಹುದು. ಒಳಗಿನ ಕಡತಗಳನ್ನು ನೇರವಾಗಿ ತೆರೆದು ಹೋಲಿಸುವುದೂ ನಿಷ್ಫಲ, ಏಕೆಂದರೆ ಆ ಕಡತಗಳಲ್ಲಿ ಕನ್ನಡದ ಅಕ್ಷರಗಳು ಸಂಖ್ಯಾಸಂಕೇತಗಳಾಗಿ ಇರುತ್ತವೆ. ತಂತ್ರಾಂಶದ ಮೂಲಕವೇ ಸಾದಾ ಪಠ್ಯವಾಗಿ ಹೊರತೆಗೆದು, ಸಾಧ್ಯವಾದರೆ ವಾಕ್ಯಕ್ಕೊಂದು ಸಾಲಿನಂತೆ ಒಡೆದು ಹೋಲಿಸಬೇಕು. ಇಲ್ಲವಾದರೆ ಹೋಲಿಕೆಯ ಯಂತ್ರವು ಒಂದಕ್ಷರದ ಭೇದಕ್ಕೆ ಇಡೀ ಕಂಡಿಕೆಯನ್ನೇ ಭಿನ್ನವೆಂದು ಸಾರಬಹುದು.

ಕನ್ನಡಕ್ಕೇ ವಿಶಿಷ್ಟವಾದ ತೊಡಕುಗಳೂ ಉಂಟು. ಯೂನಿಕೋಡ್ ವ್ಯವಸ್ಥೆಯಲ್ಲಿ ಓತ್ವವನ್ನು ಒಂದೇ ಸಂಕೇತವಾಗಿಯೂ ಎತ್ವ, ಊತ್ವ, ದೀರ್ಘ ಎಂದು ಬಿಡಿಸಿಯೂ ದಾಖಲಿಸಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಹಳೆಯ ಮ್ಯಾಕ್ ಗಣಕಗಳು ಕಡತದ ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿದ್ದುದರಿಂದ, ಕೋ ಎಂದು ಮೊದಲಾಗುವ ಒಂದೇ ಹೆಸರಿನ ಎರಡು ಕಡತಗಳು ಬೇರೆ ಯಂತ್ರದಲ್ಲಿ ಅಕ್ಕಪಕ್ಕ ಕಾಣಿಸಿಕೊಳ್ಳುವುದು ಸಾಧ್ಯ. ಕಣ್ಣಿಗೆ ಕಾಣದ ಶೂನ್ಯಾಗಲದ ಚಿಹ್ನೆಗಳೂ ಇಂಥ ಹುಸಿಭೇದವನ್ನುಂಟುಮಾಡುತ್ತವೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಅಕ್ಷರವಿನ್ಯಾಸದಲ್ಲಿ ಗಣಕದಲ್ಲಿ ಬರೆದುದಂತೂ ಟ್ಯಾಬ್ಲೆಟ್ಟಿನಲ್ಲಿ ರೋಮನ್ ಅಕ್ಷರಗಳ ಗೊಂದಲವಾಗಿ ತೋರುತ್ತದೆ. ಅದನ್ನು ಕೆಟ್ಟ ಪ್ರತಿಯೆಂದು ಅಳಿಸಬಾರದು. ಪರಿವರ್ತಕದಿಂದ ಯೂನಿಕೋಡಿಗೆ ತಂದು ಆಮೇಲೆ ಹೋಲಿಸಬೇಕು.

ಇಷ್ಟೆಲ್ಲ ಆದ ಮೇಲೂ ಎರಡು ಕಡೆಯಲ್ಲಿಯೂ ಒಂದೇ ಪದವು ಬೇರೆಬೇರೆಯಾಗಿ ತಿದ್ದಲ್ಪಟ್ಟಿರುವ ಸ್ಥಳಗಳು ಉಳಿಯುತ್ತವೆ. ಅವುಗಳನ್ನು ಯಾವ ಯಂತ್ರವೂ ನಿರ್ಣಯಿಸಲಾರದು. ಟ್ಯಾಬ್ಲೆಟ್ಟಿನಲ್ಲಿ ಎರಿ ಎಂದಿದೆ, ಗಣಕದಲ್ಲಿ ಎರೆ ಎಂದಿದೆ. ಮನೆಯನ್ನು ಮನಿ ಎನ್ನುವ ಈ ಸೀಮೆಯಲ್ಲಿ ಮೊದಲನೆಯದು ಆಡಿದವರ ಬಾಯಿಯಿಂದ ಬಂದುದು. ಎರಡನೆಯದು ತಿದ್ದುವ ಕೈಯ ಅಥವಾ ಪದವನ್ನು ಮುಂದಾಗಿ ಸೂಚಿಸುವ ಕೀಲಿಮಣೆಯ ಕೆಲಸವಾಗಿರುವ ಸಂಭವವೇ ಹೆಚ್ಚು. ಸುಲಭಪಾಠಕ್ಕಿಂತ ಕ್ಲಿಷ್ಟಪಾಠವೇ ಗ್ರಾಹ್ಯವೆಂಬ ಸಂಪಾದನಸೂತ್ರವನ್ನು ಇಲ್ಲಿ ಅನುಸರಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಕೂರಿಗೆಗೆ ಒಂದು ಪ್ರತಿಯಲ್ಲಿ ಮೂರು ತಾಳು, ಮತ್ತೊಂದರಲ್ಲಿ ನಾಲ್ಕು ಎಂದಿದ್ದರೆ ಎರಡೂ ನಿಜವಾಗಿರಬಹುದು. ಒಂದನ್ನು ಆರಿಸದೆ, ಹೇಳಿದವರು ಯಾರೆಂಬುದನ್ನು ಧ್ವನಿಮುದ್ರಣದಿಂದ ತಿಳಿದು ಎರಡನ್ನೂ ದಾಖಲಿಸತಕ್ಕದ್ದು. ಕೈಬಿಟ್ಟ ಪಾಠವನ್ನು ದಿನಾಂಕದೊಡನೆ ಅಡಿಟಿಪ್ಪಣಿಯಲ್ಲಿ ಬರೆದಿಟ್ಟು, ಹೊಂದಿಸಿದ ಪ್ರತಿಯು ಎರಡು ಯಂತ್ರಗಳಲ್ಲಿಯೂ ಪೂರ್ಣವಾಗಿ ಇಳಿದುದನ್ನು ನೋಡಿದ ಮೇಲೆ, ಒಂದು ಯಂತ್ರದಲ್ಲಿ ಬರಹವನ್ನು ಮುಚ್ಚಿ ಮತ್ತೊಂದರಲ್ಲಿ ತೆರೆಯಬೇಕು.